ಸರ್ಕಾರಿ ಹೈಸ್ಕೂಲ್ ನೋಡಲು ಹೊರಟಿದ್ದೀರಾ? ಮೊದಲು ಗಣಿತದ ಮೇಷ್ಟ್ರನ್ನು ವಿಚಾರಿಸಿ

ಮಗು ಏಳನೇ ಕ್ಲಾಸಿಗೆ ಬಂತು ಅಂದರೆ ಮನೆಯಲ್ಲಿ ಚರ್ಚೆ ಶುರು. ಹೈಸ್ಕೂಲಿಗೆ ಎಲ್ಲಿ ಹಾಕುವುದು? ಶಿವಮೊಗ್ಗದಲ್ಲಿ ಖಾಸಗಿ ಶಾಲೆಗಳ ಹಳದಿ ವ್ಯಾನು ಬೀದಿ ಬೀದಿಗೂ ಬರುತ್ತದೆ. ಅದೇ ಬೀದಿಯ ಕೊನೆಯಲ್ಲಿ ನೂರು ಚಿಲ್ಲರೆ ಮಕ್ಕಳಿರುವ ಸರ್ಕಾರಿ ಪ್ರೌಢಶಾಲೆಯೂ ಇರುತ್ತದೆ. ಅದರ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯ ಇದೆ, ಒಳಗೆ ಕಾಲಿಟ್ಟು ನೋಡಿದವರು ಮಾತ್ರ ಕಡಿಮೆ. ಮಗಳಿಗಾಗಿ ನಾನು ಇಂಥ ಮೂರು ಶಾಲೆ ಸುತ್ತಿದೆ. ಮೊದಲ ಸುತ್ತು ಪೂರ್ತಿ ದಂಡವಾಯಿತು. ಎರಡನೇ ಸುತ್ತಿನಲ್ಲಿ ಸ್ವಲ್ಪ ಬುದ್ಧಿ ಬಂತು.

ಹೆಜ್ಜೆ 1: ಮೇ ತಿಂಗಳಲ್ಲಿ ಹೋಗಬೇಡಿ

ನಾನು ಮಾಡಿದ ತಪ್ಪು ಇದೇ. ಮೇ ಕೊನೆಯಲ್ಲಿ ದಾಖಲಾತಿ ಶುರುವಾದಾಗ ಹೋದೆ. ಗೋಡೆಗೆ ಹೊಸ ಬಣ್ಣ, ಬಾಗಿಲಿಗೆ ಮಾವಿನ ತೋರಣ, ಮಕ್ಕಳೇ ಇಲ್ಲ. ಇದರಲ್ಲಿ ಏನು ನೋಡುವುದು?

ಮಗು ಏಳರಲ್ಲಿ ಇರುವಾಗಲೇ, ಜುಲೈನಲ್ಲಿ ಒಂದು ದಿನ ರಜೆ ಹಾಕಿ ಹೋಗಿ. ಮಲೆನಾಡಿನ ಮಳೆ ಶಾಲೆಯ ಬಂಡವಾಳವನ್ನೆಲ್ಲ ಬಿಚ್ಚಿಡುತ್ತದೆ. ಯಾವ ಕೊಠಡಿ ಸೋರುತ್ತದೆ, ಕರೆಂಟ್ ಹೋದರೆ ಬೋರ್ಡ್ ಕಾಣುತ್ತದಾ, ಒದ್ದೆ ಕೊಡೆ ಎಲ್ಲಿ ಇಡುತ್ತಾರೆ, ಹಾಜರಿ ಎಷ್ಟಿದೆ. ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟ ದಿನಗಳ ಪಾಠವನ್ನು ಹೇಗೆ ಸರಿದೂಗಿಸುತ್ತೀರಿ ಅಂತಲೂ ಕೇಳಿ. ‘ಶನಿವಾರ ಮಧ್ಯಾಹ್ನ ತಗೋತೀವಿ, ಇಲ್ಲಿ ಬರೆದಿಟ್ಟಿದ್ದೀವಿ’ ಅನ್ನುವ ಶಾಲೆ ಬೇರೆ, ನಕ್ಕು ಸುಮ್ಮನಾಗುವ ಶಾಲೆ ಬೇರೆ.

ಹೆಜ್ಜೆ 2: ಮೇಷ್ಟ್ರುಗಳ ಲೆಕ್ಕ ಹಾಕಿ

ಸಮಯ ಕಡಿಮೆ ಇದ್ದರೆ ಉಳಿದದ್ದೆಲ್ಲ ಬಿಟ್ಟು ಇದೊಂದನ್ನು ಮಾಡಿ.

ಪ್ರೈಮರಿಯಲ್ಲಿ ಒಬ್ಬರೇ ಟೀಚರ್ ನಾಲ್ಕು ವಿಷಯ ಎಳೆದುಕೊಂಡು ಹೋಗಬಹುದು. ಹೈಸ್ಕೂಲಿನಲ್ಲಿ ಹಾಗಲ್ಲ. ಶಾಲೆಯವರ ಮಾತಿನಲ್ಲಿ ‘ಪಿಸಿಎಂ’ ಅಂದರೆ ಮುಖ್ಯವಾಗಿ ಗಣಿತ ಕಲಿಸುವವರು. ‘ಸಿಬಿಝಡ್’ ಅಂದರೆ ವಿಜ್ಞಾನದವರು. ಜೊತೆಗೆ ಸಮಾಜ, ಕನ್ನಡ, ಇಂಗ್ಲಿಷ್, ಹಿಂದಿ, ಪಿ.ಟಿ. ದೊಡ್ಡ ಶಾಲೆಯಲ್ಲಿ ಗಣಿತಕ್ಕೆ ಇಬ್ಬರು ಇರುತ್ತಾರೆ, ಒಬ್ಬರು ವರ್ಗವಾದರೆ ಇನ್ನೊಬ್ಬರು ತಳ್ಳುತ್ತಾರೆ. ಸಣ್ಣ ಶಾಲೆಯಲ್ಲಿ ಇರುವುದೇ ಒಬ್ಬರು. ಅವರು ಹೋದರೆ ವಿಷಯವೇ ಹೋಯಿತು.

ಹಾಗಾಗಿ ‘ಎಷ್ಟು ಜನ ಟೀಚರ್ ಇದ್ದಾರೆ?’ ಅಂತ ಕೇಳಿದರೆ ಸಾಲದು. ಮಂಜೂರಾದ ಹುದ್ದೆ ಎಷ್ಟು, ತುಂಬಿರುವುದು ಎಷ್ಟು, ಅವರಲ್ಲಿ ‘ನಿಯೋಜನೆ’ ಮೇಲೆ ಬೇರೆ ಕಡೆ ಇರುವವರು ಯಾರು, ಇಷ್ಟನ್ನೂ ಕೇಳಿ. ಈ ನಿಯೋಜನೆ ಅನ್ನುವ ಪದ ನನಗೆ ಗೊತ್ತಾದದ್ದು ಒಂದು ಶಾಲೆಯ ಆಫೀಸ್ ರೂಮಿನಲ್ಲಿ.

‘ಸಾರ್, ಗಣಿತಕ್ಕೆ ಯಾರಿದ್ದಾರೆ?’

‘ಇದ್ದಾರಮ್ಮ.’

‘ಸ್ವಲ್ಪ ಮಾತಾಡಬಹುದಾ?’

‘ಇದ್ದಾರೆ, ಆದ್ರೆ ಇಲ್ಲಿಲ್ಲ.’

ಸಂಬಳದ ಪಟ್ಟಿಯಲ್ಲಿ ಇಲ್ಲಿ, ಪಾಠ ಇನ್ನೊಂದು ತಾಲ್ಲೂಕಿನಲ್ಲಿ. ಇನ್ನೊಂದು ಶಾಲೆಯ ಹೆಡ್‌ಮಿಸ್ ಮಾತ್ರ ನಾನು ಬಾಯಿ ಬಿಡುವ ಮೊದಲೇ ವೇಳಾಪಟ್ಟಿ ಮುಂದಿಟ್ಟರು. ‘ಹಿಂದಿ ಪೋಸ್ಟ್ ಖಾಲಿ ಇದೆ, ಮುಚ್ಚಿಡಲ್ಲ’ ಅಂದರು. ಆ ಮಾತಿಗೇ ನನ್ನ ಅರ್ಧ ಮನಸ್ಸು ಆ ಕಡೆ ವಾಲಿತು.

ಅತಿಥಿ ಶಿಕ್ಷಕರು ಅಂದರೆ ಮೂಗು ಮುರಿಯಬೇಡಿ. ನಾನು ಕಿಟಕಿಯಿಂದ ಕೇಳಿದ ಅತ್ಯುತ್ತಮ ವಿಜ್ಞಾನ ಪಾಠ ಒಬ್ಬ ಅತಿಥಿ ಶಿಕ್ಷಕಿಯದು. ತೊಂದರೆ ಇರುವುದು ಅವರ ಪಾಠದಲ್ಲಲ್ಲ, ಅವರನ್ನು ಪ್ರತಿ ವರ್ಷ ಹೊಸದಾಗಿ ತೆಗೆದುಕೊಳ್ಳಬೇಕು ಅನ್ನುವುದರಲ್ಲಿ. ಕಳೆದ ವರ್ಷ ಅವರು ಯಾವ ತಿಂಗಳು ಬಂದರು, ಅಲ್ಲಿಯವರೆಗೆ ಆ ಪೀರಿಯಡ್‌ನಲ್ಲಿ ಏನು ನಡೆಯಿತು ಅಂತ ಕೇಳಿ.

ಮನೆಯಲ್ಲೇ ಸ್ವಲ್ಪ ತಯಾರಿ ಮಾಡಿಕೊಂಡು ಹೋಗಬಹುದು. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇರುತ್ತದೆ, ನಮ್ಮ ರಾಜ್ಯದ್ದು 29ರಿಂದ ಶುರು. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೊಠಡಿ ಎಷ್ಟು ಎಲ್ಲ ಸಿಗುತ್ತದೆ. ಅದು ಹಿಂದಿನ ಲೆಕ್ಕ ಅನ್ನುವುದು ನೆನಪಿರಲಿ. ಬರೆದುಕೊಂಡು ಹೋಗಿ, ಅಲ್ಲಿ ತಾಳೆ ನೋಡಿ.

ಹೆಜ್ಜೆ 3: ಫಲಿತಾಂಶದ ಬ್ಯಾನರ್ ಕೆಳಗೆ ನಿಂತು ಲೆಕ್ಕ ಮಾಡಿ

ಗೇಟಿನ ಮೇಲೆ ‘ಶೇ 100 ಫಲಿತಾಂಶ’ ಅಂತ ಬ್ಯಾನರ್ ಇರುತ್ತದೆ. ಒಳ್ಳೆಯದೇ. ಆದರೆ ಹತ್ತನೇ ಕ್ಲಾಸಿನಲ್ಲಿ 22 ಮಕ್ಕಳಿದ್ದರೆ ಒಬ್ಬ ಫೇಲಾದ ಕೂಡಲೇ ಅದು ಶೇ 95ಕ್ಕೆ ಇಳಿಯುತ್ತದೆ, ಮೂವರು ಫೇಲಾದರೆ 86. ಮೂವರಲ್ಲಿ ಇಬ್ಬರಿಗೆ ಜ್ವರ ಬಂದಿರಬಹುದು, ಒಬ್ಬ ಅಡಿಕೆ ಕೊಯ್ಲಿಗೆ ಊರಿಗೆ ಹೋಗಿ ತಿಂಗಳುಗಟ್ಟಲೆ ಬರದೇ ಇದ್ದಿರಬಹುದು. ಸಣ್ಣ ಶಾಲೆಯಲ್ಲಿ ಒಂದು ವರ್ಷದ ಶೇಕಡಾ ನಂಬಿಕೊಂಡರೆ ಮೋಸ ಹೋಗುತ್ತೀರಿ. ಐದು ವರ್ಷದ್ದು ಕೇಳಿ.

ಅದರಲ್ಲೂ ಒಂದು ಎಚ್ಚರ ಬೇಕು. ಎಸ್ಸೆಸ್ಸೆಲ್ಸಿಗೆ 2024ರಲ್ಲಿ ವೆಬ್‌ಕಾಸ್ಟಿಂಗ್ ಬಂತು, ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಣ್ಣು. ರಾಜ್ಯದ ಫಲಿತಾಂಶ 2023ರ ಶೇ 83.89ರಿಂದ 73.40ಕ್ಕೆ ಬಿತ್ತು. ಶಿವಮೊಗ್ಗ ಜಿಲ್ಲೆ ಆ ವರ್ಷ ಉಡುಪಿ, ದಕ್ಷಿಣ ಕನ್ನಡದ ನಂತರ ಮೂರನೇ ಸ್ಥಾನಕ್ಕೆ ಬಂತು. ಹಾಗಾಗಿ ಒಂದು ಶಾಲೆಯ 2023ನ್ನೂ 2024ನ್ನೂ ಪಕ್ಕಪಕ್ಕ ಇಟ್ಟು ‘ಯಾಕೆ ಇಳೀತು?’ ಅಂತ ಮೇಷ್ಟ್ರ ಮೇಲೆ ಬೀಳಬೇಡಿ. ಕ್ಯಾಮೆರಾ ಬಂದ ಮೇಲೂ ಅಷ್ಟೇ ನಿಂತಿದ್ದರೆ ಅದು ಮೆಚ್ಚಬೇಕಾದ ಶಾಲೆ.

ಬ್ಯಾನರ್‌ನಲ್ಲಿ ಇರದ ಲೆಕ್ಕ ಇನ್ನೊಂದಿದೆ. ಮೂರು ವರ್ಷದ ಹಿಂದೆ ಎಂಟಕ್ಕೆ ಸೇರಿದವರು ಎಷ್ಟು, ಹತ್ತರ ಪರೀಕ್ಷೆಗೆ ಕೂತವರು ಎಷ್ಟು? 35 ಮಂದಿ ಸೇರಿ 24 ಮಂದಿ ಬರೆದಿದ್ದರೆ, ಉಳಿದ 11 ಜನ ಎಲ್ಲಿ ಹೋದರು? ಅಪ್ಪ ಅಮ್ಮ ಕೆಲಸಕ್ಕಾಗಿ ಊರು ಬಿಟ್ಟಿದ್ದರೆ ಸರಿ. ‘ಇವನು ಪಾಸಾಗಲ್ಲ, ಟಿ.ಸಿ. ತಗೊಂಡು ಹೋಗಿ’ ಅಂದಿದ್ದರೆ ನೂರಕ್ಕೆ ನೂರರ ಗುಟ್ಟು ಅದೇ.

ನಾನೀಗ ಯಾರಾದರೂ ಶಾಲೆ ನೋಡಲು ಹೊರಟರೆ ಇದೊಂದನ್ನು ಕೇಳಿ ಬನ್ನಿ ಅನ್ನುತ್ತೇನೆ: ‘ಓದಲು ಬಾರದ ಮಗು ಎಂಟಕ್ಕೆ ಬಂದರೆ ಏನು ಮಾಡುತ್ತೀರಿ?’ ಜೂನ್‌ನಲ್ಲಿ ಎಲ್ಲ ಸರ್ಕಾರಿ ಶಾಲೆಗಳಲ್ಲೂ ‘ಸೇತುಬಂಧ’ ಅಂತ ನಡೆಯುತ್ತದೆ. ಹಿಂದಿನ ತರಗತಿಯ ಕಲಿಕೆ ಎಲ್ಲಿ ನಿಂತಿದೆ ನೋಡಿ ಅಲ್ಲಿಂದ ಶುರು ಮಾಡುವ ಕಾರ್ಯಕ್ರಮ. ಒಂದು ಶಾಲೆಯಲ್ಲಿ ಅದರ ಪುಸ್ತಕ ತೋರಿಸಿ ಅಂದೆ. ಕನ್ನಡ ಮೇಷ್ಟ್ರು ಪುಸ್ತಕ ತೆಗೆಯಲೇ ಇಲ್ಲ, ನಾಲ್ಕು ಮಕ್ಕಳ ಹೆಸರು ಹೇಳಿದರು. ಯಾರಿಗೆ ಒತ್ತಕ್ಷರ ತಡೆಯುತ್ತದೆ, ಯಾರು ಓದುತ್ತಾರೆ ಆದರೆ ಬರೆಯಲ್ಲ, ಎಲ್ಲ ಅವರ ನಾಲಿಗೆ ತುದಿಯಲ್ಲೇ ಇತ್ತು. ಸಣ್ಣ ಶಾಲೆಗೆ ಮಗುವನ್ನು ಹಾಕುವುದೇ ಇದಕ್ಕೆ ಅಲ್ವಾ?

ಹೆಜ್ಜೆ 4: ಊಟದ ಹೊತ್ತು, ಶೌಚಾಲಯದ ಬಾಗಿಲು

ಮಧ್ಯಾಹ್ನದ ಬಿಸಿಯೂಟದವರೆಗೆ ಇರಿ. ಹತ್ತನೇ ಕ್ಲಾಸಿನವರೆಗೂ ಊಟ, ಹಾಲು ಇದೆ. ಮೊಟ್ಟೆ 2024ರಿಂದ ವಾರಕ್ಕೆ ಆರು ದಿನ, ಬೇಡದವರಿಗೆ ಬಾಳೆಹಣ್ಣು. ಅಡುಗೆ ಅಕ್ಕನ ಹತ್ತಿರ ಎರಡು ಮಾತಾಡಿ. ಶಾಲೆಯ ನಿಜವಾದ ಸುದ್ದಿ ಅಲ್ಲಿ ಸಿಗುತ್ತದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತದಾ, ಚಿಲಕ ಇದೆಯಾ, ಬೀಗದ ಕೈ ಯಾರ ಹತ್ತಿರ, ಇಷ್ಟು ನೋಡಿ.

ಹೆಜ್ಜೆ 5: ಊರು, ಮಾಧ್ಯಮ ಬದಲಿಸುವ ಮೊದಲು ಕೂತು ಯೋಚಿಸಿ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಂದ ಮಕ್ಕಳನ್ನು ಹೈಸ್ಕೂಲಿಗೆ ಶಿವಮೊಗ್ಗಕ್ಕೆ ತರುವವರು ತುಂಬಾ. ನೆಂಟರ ಮನೆ ಇದೆ, ಟ್ಯೂಷನ್ ಇದೆ ಅನ್ನುವ ಕಾರಣ. ಆದರೆ ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ 15 ಇದೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಶೇ 25. ಅದು ಸಿಗಬೇಕಾದರೆ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಎಂಟಕ್ಕೆ ಮಹಾನಗರ ಪಾಲಿಕೆ ವ್ಯಾಪ್ತಿಯ ಶಾಲೆಗೆ ಸೇರಿಸಿದಿರೋ, ಏಳು ವರ್ಷ ಹಳ್ಳಿಯಲ್ಲಿ ಓದಿದ್ದು ಆ ಲೆಕ್ಕಕ್ಕೆ ಇಲ್ಲ.

ಕನ್ನಡ ಮಾಧ್ಯಮದ ಕಥೆಯೂ ಹೀಗೇ. ಸಿಇಟಿ, ನೇಮಕಾತಿ ಎರಡರಲ್ಲೂ ಶೇ 5 ಮೀಸಲು, ಇದಕ್ಕೂ ಹತ್ತು ವರ್ಷ ಪೂರ್ತಿ ಕನ್ನಡದಲ್ಲೇ ಓದಿರಬೇಕು. ಎರಡೂ ಮಾಧ್ಯಮ ಇರುವ ಶಾಲೆಯಲ್ಲಿ ‘ಎಂಟರಿಂದ ಇಂಗ್ಲಿಷ್ ಮೀಡಿಯಂಗೆ ಹಾಕಿ’ ಅಂತ ಹೇಳುವುದು ಸುಲಭ. ಏಳು ವರ್ಷ ‘ಬೀಜಗಣಿತ’ ಅಂದ ಮಗು ದಿಢೀರ್ ‘ಆಲ್ಜಿಬ್ರಾ’ ಅನ್ನಬೇಕು, ಜೊತೆಗೆ ಕೋಟಾವೂ ಕೈ ಬಿಡುತ್ತದೆ. ಹಾಕಲೇಬೇಡಿ ಅನ್ನುವುದಿಲ್ಲ. ಏನು ಬಿಡುತ್ತಿದ್ದೀರಿ ಅಂತ ಗೊತ್ತಿದ್ದು ಬಿಡಿ.

ಹೆಜ್ಜೆ 6: ದಾರಿ

ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮೂರಲ್ಲಿ ಪ್ರೈವೇಟ್ ಸಿಟಿ ಬಸ್ಸೇ ಜಾಸ್ತಿ, ಅಲ್ಲಿ ದುಡ್ಡು ಕೊಡಲೇಬೇಕು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಗುವನ್ನು ಕರೆದುಕೊಂಡು ಒಂದು ಸಲ ಹೋಗಿ ಬನ್ನಿ. ಹತ್ತರಲ್ಲಿ ಸಂಜೆ ವಿಶೇಷ ತರಗತಿ ಇರುತ್ತದೆ, ಅದು ಮುಗಿದ ಮೇಲೆ ಬಸ್ ಇದೆಯಾ ಅದನ್ನೂ ನೋಡಿ.

ಹೆಜ್ಜೆ 7: ಸೇರಿಸುವ ದಿನ

ಹಳೆ ಶಾಲೆಯ ಟಿ.ಸಿ., ಏಳನೆಯ ಅಂಕಪಟ್ಟಿ, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ಮಗುವಿಗೂ ಕೊಡುವ ಗುರುತಿನ ಸಂಖ್ಯೆ), ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಗುವಿನ ಬ್ಯಾಂಕ್ ಪಾಸ್‌ಬುಕ್ ಒಂದು ಕವರಿಗೆ ಹಾಕಿಕೊಳ್ಳಿ. ಪುಸ್ತಕ, ಸಮವಸ್ತ್ರ ಉಚಿತ. ಯಾವುದಕ್ಕಾದರೂ ದುಡ್ಡು ಕೇಳಿದರೆ ರಸೀದಿ ಕೇಳಿ. ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ನಡೆಯುವ ಎನ್‌ಎಂಎಂಎಸ್ ಪರೀಕ್ಷೆಗೆ ಎಂಟರಲ್ಲೇ ಕೂರಿಸುತ್ತೀರಾ ಅಂತ ಅವತ್ತೇ ವಿಚಾರಿಸಿ. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಶುಲ್ಕ ಕಟ್ಟುವ ಶಾಲೆಯ ಮಕ್ಕಳಿಗೆ ಈ ಅವಕಾಶ ಇಲ್ಲ, ಸರ್ಕಾರಿ ಮತ್ತು ಅನುದಾನಿತ ಶಾಲೆಯವರಿಗೆ ಮಾತ್ರ.

ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆಯುವಾಗ ಪಕ್ಕದಲ್ಲೇ ನಿಂತಿರಿ. ಇಲ್ಲಿ ಬರೆದ ಹೆಸರು, ಹುಟ್ಟಿದ ದಿನಾಂಕವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ. ಪಾಸ್‌ಪೋರ್ಟ್‌ನಿಂದ ಪಿಂಚಣಿವರೆಗೆ ಎಲ್ಲರೂ ಕೇಳುವುದು ಅದನ್ನೇ. ನನ್ನ ಮಗಳ ಇನಿಷಿಯಲ್ ಆಧಾರ್‌ನಲ್ಲಿ ಹೆಸರಿನ ಮುಂದೆ, ಟಿ.ಸಿ.ಯಲ್ಲಿ ಹಿಂದೆ ಇತ್ತು. ಹೆಡ್‌ಮಿಸ್ ಕನ್ನಡಕ ಏರಿಸಿ ಎರಡನ್ನೂ ನೋಡಿ, ಪೆನ್ನು ಕೆಳಗಿಟ್ಟರು. ‘ಮೊದ್ಲು ಆಧಾರ್ ಸರಿ ಮಾಡಿಸ್ಕೊಂಡು ಬನ್ನಿ, ನಿಮ್ಮ ಸೀಟು ಎಲ್ಲೂ ಹೋಗಲ್ಲ’ ಅಂದರು.