ಗುಜರಿ ಏರ್‌ಬ್ಯಾಗ್, ಗುಜರಿ ಬೆಲ್ಟ್: ಹಳೇ ಕಾರು ಕೊಳ್ಳುವ ಮುಂಚೆ ಹೀಗೆ ನೋಡಿ

ವಿಲ್ಸನ್ ಗಾರ್ಡನ್‌ನಲ್ಲಿ ಕಾರಿನ ವೈರಿಂಗ್ ಕೆಲಸ ಮಾಡಿಕೊಂಡು ನನಗೆ 22 ವರ್ಷ ಆಯ್ತು. ಹೋದ ಶ್ರಾವಣದಲ್ಲಿ ಒಬ್ಬ ಮೇಡಂ ಹಾರ್ನ್ ಬಡಿಯುತ್ತಿಲ್ಲ ಅಂತ ಸೆಕೆಂಡ್‌ಹ್ಯಾಂಡ್ ಕಾರು ತಂದರು. ಸ್ಟೇರಿಂಗ್ ಪ್ಯಾಡ್ ಬಿಚ್ಚಿ ನೋಡಿದರೆ ಒಳಗೆ ಏರ್‌ಬ್ಯಾಗೇ ಇಲ್ಲ. ಏರ್‌ಬ್ಯಾಗ್ ಸಿಕ್ಕಿಸುವ ಹಳದಿ ಕನೆಕ್ಟರಿಗೆ ಕಪ್ಪು ಟೇಪು ಸುತ್ತಿದ ಒಂದು ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಸಣ್ಣ ಬಿಡಿಭಾಗ), ಕಡಲೆಬೀಜದಷ್ಟು ದಪ್ಪ, ಅಷ್ಟೇ. ಏರ್‌ಬ್ಯಾಗಿನ ಸರ್ಕ್ಯೂಟಿನಲ್ಲಿ ಎರಡು ಓಮ್ ಆಸುಪಾಸು ರೆಸಿಸ್ಟೆನ್ಸ್ ಕಂಡರೆ ಅದರ ಕಂಪ್ಯೂಟರ್ ಎಲ್ಲ ಸರಿಯಿದೆ ಅಂದುಕೊಂಡು ಎಚ್ಚರಿಕೆ ಲೈಟ್ ಆರಿಸುತ್ತದೆ. ಆ ಗಾಡಿಯಲ್ಲಿ ಅವರು ಒಂದೂವರೆ ವರ್ಷ ಮಗುವನ್ನು ಸ್ಕೂಲಿಗೆ ಬಿಟ್ಟು ಕರಕೊಂಡು ಬಂದಿದ್ದಾರೆ. ಅವತ್ತು ನನಗೆ ಊಟ ಸೇರಲಿಲ್ಲ.

ಗುಜರಿಯವರ ಮೇಲೆ ನನಗೆ ದ್ವೇಷವಿಲ್ಲ. ಶಿವಾಜಿನಗರದ ಗುಜರಿಯಿಂದ ಡೋರು, ಕನ್ನಡಿ, ಆಲ್ಟರ್ನೇಟರ್ ನಾನೇ ಎಷ್ಟೋ ಸಲ ತಂದು ಹಾಕಿದ್ದೇನೆ. ಡೋರು ಸೊಟ್ಟಗಿದ್ದರೆ ಕಣ್ಣಿಗೆ ಕಾಣುತ್ತೆ, ಆಲ್ಟರ್ನೇಟರ್ ಕೆಟ್ಟಿದ್ದರೆ ಮೀಟರ್ ಹೇಳುತ್ತೆ. ಏರ್‌ಬ್ಯಾಗ್ ಹಾಗಲ್ಲ. ಅದು ಕೆಲಸ ಮಾಡುತ್ತದೋ ಇಲ್ಲವೋ ಅಂತ ಖಚಿತವಾಗಿ ತಿಳಿಯಬೇಕಾದರೆ ಸಿಡಿಸಿಯೇ ನೋಡಬೇಕು, ಸಿಡಿಸಿದ ಮೇಲೆ ಮುಗೀತು. ಡಿಕ್ಕಿಯಾದ ಕ್ಷಣ ಸೀಟ್‌ಬೆಲ್ಟನ್ನು ಬಿಗಿದೆಳೆಯುವ ಪ್ರಿಟೆನ್ಷನರ್ ಕೂಡ ಮದ್ದಿನಿಂದ ಸಿಡಿಯುವಂಥದ್ದು, ಒಂದೇ ಸಲಕ್ಕೆ. ಅದಕ್ಕೇ ಏರ್‌ಬ್ಯಾಗ್, ಬೆಲ್ಟ್, ಏರ್‌ಬ್ಯಾಗಿನ ಕಂಪ್ಯೂಟರ್, ಈ ಮೂರನ್ನು ನಾನು ಗುಜರಿಯಿಂದ ತರುವುದಿಲ್ಲ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗಿನ ಕತೆ ಗೊತ್ತಿರಬಹುದು. ಅದರೊಳಗಿನ ಅಮೋನಿಯಂ ನೈಟ್ರೇಟ್ ಮದ್ದು ವರ್ಷಗಟ್ಟಲೆ ಸೆಕೆ, ತೇವ ಕುಡಿದು, ಸಿಡಿದಾಗ ಲೋಹದ ಚೂರುಗಳನ್ನೇ ಮುಖಕ್ಕೆ ಎಸೆದು ಜನ ಸತ್ತರು. ಕಾರು ಕಂಪನಿಗಳು ಕೋಟಿಗಟ್ಟಲೆ ಗಾಡಿಗಳನ್ನು ವಾಪಸ್ ಕರೆದವು. ಗುಜರಿಯಲ್ಲಿ ನೇತುಹಾಕಿದ ಏರ್‌ಬ್ಯಾಗ್ ಯಾವ ಊರಿನ ಬಿಸಿಲು ಕಂಡಿದೆ, ವಾಪಸ್ ಕರೆದ ಪಟ್ಟಿಯಲ್ಲಿದೆಯೇ ಅಂತ ಯಾರು ಹೇಳಬೇಕು?

ಈ ವ್ಯಾಪಾರ ಯಾಕೆ ನಡೆಯುತ್ತೆ ಅನ್ನೋದಕ್ಕೆ ಇನ್ಶೂರೆನ್ಸ್ ಪಾಲಿಸಿಯನ್ನೇ ಓದಿ. ಮಾಮೂಲಿ ಪಾಲಿಸಿಯಲ್ಲಿ ಏರ್‌ಬ್ಯಾಗಿಗೆ, ಟೈರು-ಬ್ಯಾಟರಿಗಳ ಹಾಗೆ, 50% ಸವಕಳಿ ಕಳೆಯುತ್ತಾರೆ. ಅರ್ಧ ದುಡ್ಡು ನಿಮ್ಮ ಜೇಬಿನಿಂದ. ಆಗ ಗ್ಯಾರೇಜಿನವನು 'ಸಾರ್, ಒಂದು ಸೆಟ್ ಇದೆ' ಅಂತಾನೆ. ಸವಕಳಿ ಕಳೆಯದ 'ಝೀರೋ ಡೆಪ್' ಪಾಲಿಸಿ ಇದ್ದರೆ ಈ ಆಸೆ ಹುಟ್ಟೋದೇ ಇಲ್ಲ, ದಯವಿಟ್ಟು ಅದನ್ನು ಮಾಡಿಸಿ.

ಇನ್ನು ನೋಡುವ ಬಗೆ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಮೀಟರ್ ಬೋರ್ಡಿನಲ್ಲಿ ಏರ್‌ಬ್ಯಾಗ್ ಲೈಟ್ ಹತ್ತಿ, ಕೆಲವು ಸೆಕೆಂಡಿನಲ್ಲಿ ತಾನಾಗಿ ಆರಬೇಕು. ಹತ್ತಲೇ ಇಲ್ಲ ಅಂದರೆ ಲೈಟನ್ನೇ ಕಿತ್ತಿರಬಹುದು. ಆಮೇಲೆ ಸ್ಟಾರ್ಟ್ ಮಾಡಿ ಕಣ್ಣಿಟ್ಟು ನೋಡಿ: ಏರ್‌ಬ್ಯಾಗ್ ಲೈಟು ಆಯಿಲ್ ಲೈಟಿನ ಜೊತೆಗೇ, ಅದೇ ಕ್ಷಣದಲ್ಲಿ ಆರಿದರೆ ಎರಡಕ್ಕೂ ಒಂದೇ ವೈರು ಕೊಟ್ಟಿರಬಹುದು. ಲೈಟ್ ಸರಿಯಿದೆ ಅಂದ ಮಾತ್ರಕ್ಕೆ ಸಮಾಧಾನ ಬೇಡ, ಮೇಲೆ ಹೇಳಿದ ರೆಸಿಸ್ಟರ್ ನೆನಪಿರಲಿ. ಏರ್‌ಬ್ಯಾಗ್ ಓದುವ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ, ಕ್ರ್ಯಾಶ್ ದಾಖಲೆ ಇದೆಯಾ ಅಂತ ಕೇಳಿ. ಅದರ ಕಂಪ್ಯೂಟರಿನಲ್ಲಿ ಚಾಸಿ ನಂಬರ್ ಓದಲು ಬಂದರೆ ಆರ್‌ಸಿ ಜೊತೆ ತಾಳೆ ನೋಡಿ.

ಬೆಲ್ಟ್ ಹೆಚ್ಚು ಮಾತಾಡುತ್ತೆ. ಪೂರ್ತಿ ಹೊರಗೆ ಎಳೆಯಿರಿ. ಬಹಳಷ್ಟು ಗಾಡಿಗಳಲ್ಲಿ ಕೊನೆಯ ಹತ್ತಿರ ಹೊಲಿದ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತೆ. ಬೆಲ್ಟ್ ಕಾರಿಗಿಂತ ವರ್ಷಗಟ್ಟಲೆ ಹಳೆಯದಾಗಿದ್ದರೆ ಬೇರೆ ಗಾಡಿಯದ್ದು. ಅಪಘಾತದಲ್ಲಿ ಮೈಭಾರ ತಡೆದ ಬೆಲ್ಟಿನ ಮೇಲೆ ಭುಜದ ಕೊಂಡಿ ಉಜ್ಜಿದ ಜಾಗದಲ್ಲಿ ಕರಗಿ ಹೊಳೆಯುವ ಗೆರೆ ಇರುತ್ತೆ, ಬಟ್ಟೆ ಅಲೆಯಲೆಯಾಗಿ ನುಲಿದಿರುತ್ತೆ. ಬೆರಳಾಡಿಸಿದರೆ ಸಾಕು, ಒರಟು ಸಿಗುತ್ತೆ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಸರ್ಜಾಪುರ ರಸ್ತೆ ಕಡೆ ಮುಳುಗಿದ ಕಾರುಗಳು ನೆನಪಿದೆಯಲ್ಲ, ಅಂಥ ಗಾಡಿಯ ಬೆಲ್ಟಿನ ಒಳಸುತ್ತಿನಲ್ಲಿ ಮಣ್ಣಿನ ಬಣ್ಣದ ನೀರ್ಗೆರೆ ಉಳಿದಿರುತ್ತೆ. ಹೊರಗಿನದನ್ನು ತೊಳೆಯುತ್ತಾರೆ, ಸುತ್ತಿಕೊಂಡದ್ದನ್ನು ಯಾರೂ ತೊಳೆಯುವುದಿಲ್ಲ.

ಒಂದು ಮಾತು, ಕೈ ಮುಗಿದು ಕೇಳಿಕೊಳ್ಳುತ್ತೇನೆ: ಸ್ಟೇರಿಂಗ್ ಪ್ಯಾಡನ್ನು ನೀವೇ ಬಿಚ್ಚಬೇಡಿ, ಏರ್‌ಬ್ಯಾಗಿಗೆ ಮಲ್ಟಿಮೀಟರ್ ಇಡಬೇಡಿ. ಮೀಟರಿನ ಸಣ್ಣ ಕರೆಂಟೇ ಸಿಡಿಸೀತು.

ಏರ್‌ಬ್ಯಾಗ್ ಬದಲಿಸಿದ್ದೇವೆ ಅಂತ ಮಾರುವವರು ಹೇಳಿದರೆ ಪಾರ್ಟ್ ನಂಬರ್ ಇರುವ ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಹೊಸದಲ್ಲ ಅಂತಲೇ ಲೆಕ್ಕ. ಕಾನೂನು ಬರಿಗೈಯಲ್ಲೇನೂ ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯ 182ಎ ಕಲಂ ಪ್ರಕಾರ, ಕೇಂದ್ರ ಸರ್ಕಾರ ಅತಿಮುಖ್ಯ ಸುರಕ್ಷತಾ ಭಾಗ ಅಂತ ಅಧಿಸೂಚನೆ ಹೊರಡಿಸಿದ ಭಾಗವನ್ನು ನಿಯಮಕ್ಕೆ ಹೊಂದದಂತೆ ಮಾರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಭಾಗವೊಂದಕ್ಕೆ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಆದರೆ ಬಿಚ್ಚಿದ ಏರ್‌ಬ್ಯಾಗ್ ಯಾವ ಚಾಸಿಯಿಂದ ಬಂತು, ಯಾವ ಚಾಸಿಗೆ ಹೋಯ್ತು ಅಂತ ಪ್ರತಿ ಅಂಗಡಿಯೂ ಬರೆದಿಡುವವರೆಗೆ ಕಳ್ಳ ಸಿಗುವುದಿಲ್ಲ ಅನ್ನೋದು ನನ್ನ ಅನುಭವ. ಚಿನ್ನದಂಗಡಿಯವನು ಹಳೇ ಸರ ಕೊಂಡರೂ ಹೆಸರು ಬರೆದುಕೊಳ್ಳುತ್ತಾನೆ, ಇದು ಪ್ರಾಣದ ಸಾಮಾನು.

ಮೋಸ ಸಿಕ್ಕರೆ ತಕ್ಷಣ ಜಗಳಕ್ಕೆ ಹೋಗಬೇಡಿ. ಮೆಕ್ಯಾನಿಕ್ ಬಿಚ್ಚುವಾಗಲೇ ವಿಡಿಯೋ ಮಾಡಿ, ನಂಬರ್ ಪ್ಲೇಟ್ ಕಾಣುವ ಹಾಗೆ. ಬಿಚ್ಚಿದ್ದನ್ನು ಗ್ಯಾರೇಜಿನಲ್ಲಿ ಬಿಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ, ಆರ್‌ಟಿಒಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು, ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ.

ನಿಮ್ಮದೇ ಕಾರು ಜಜ್ಜಿಹೋಗಿದ್ದರೆ ಅದು ಇನ್ನೊಬ್ಬರ ಕಾರಿಗೆ ಬಿಡಿಭಾಗವಾಗದ ಹಾಗೆ ನೋಡಿಕೊಳ್ಳಿ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು ಗಾಡಿ ಒಪ್ಪಿಸಿದ್ದಕ್ಕೆ ಕೊಡುವ ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ಪಡೆಯಿರಿ. ಪೂರ್ತಿ ನಾಶವಾದ ಗಾಡಿಯ ವಿಷಯ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಿ.

ಆ ಮೇಡಂ ಕಾರಿಗೆ ಕಂಪನಿಯಿಂದ ಹೊಸ ಏರ್‌ಬ್ಯಾಗ್ ತರಿಸಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನ ಅವರು ಮಗುವನ್ನು ಆಟೋದಲ್ಲಿ ಕರೆದೊಯ್ದರು. ಬಾಕ್ಸಿನ ಮೇಲಿನ ನಂಬರನ್ನೂ ಚಾಸಿ ನಂಬರನ್ನೂ ಬಿಲ್ಲಿನಲ್ಲಿ ಬರೆದು ಕೊಟ್ಟೆ. ರೆಸಿಸ್ಟರನ್ನು ಅವರು ಟೇಪು ಸಮೇತ ಒಂದು ಕವರಿನಲ್ಲಿ ಹಾಕಿ, ಮೇಲೆ ತಾರೀಖು ಬರೆದು, ದೂರಿನ ಫೈಲಿಗೆ ಪಿನ್ ಹೊಡೆದುಕೊಂಡರು.