ವಿಶ್ವಕೋಶವನ್ನು ಉಲ್ಲೇಖಿಸುವಾಗ ಹೆಸರು ಯಾರದು, ವರ್ಷ ಯಾವುದು?

ಪ್ರಬಂಧದ ಆಕರಸೂಚಿಯಲ್ಲಿ ‘ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾ’ ಎಂದಷ್ಟೇ ಬರೆದು ಮುಂದೆ ಹೋಗುವವರು ಬಹಳ. ಯಾವ ಆವೃತ್ತಿ, ಯಾವ ಸಂಪುಟ, ಯಾವ ನಮೂದು ಎಂದು ಓದುವವರೇ ಹುಡುಕಿಕೊಳ್ಳಬೇಕು. ಗ್ರಂಥಾಲಯದ ಬಾಗಿಲು ತೋರಿಸಿ ‘ಒಳಗೆಲ್ಲೋ ಇದೆ, ನೋಡಿ’ ಎಂದ ಹಾಗೆ. ನೀವು ಓದಿದ್ದು ಒಂದು ನಮೂದನ್ನು. ಉಲ್ಲೇಖವೂ ಆ ನಮೂದಿಗೇ ಸಲ್ಲಬೇಕು.

ಮೊದಲು ಉಲ್ಲೇಖದ ಶೈಲಿ, ಅಂದರೆ ಆಕರವನ್ನು ಬರೆಯುವ ನಿಯಮಗಳ ಮಾದರಿ, ಯಾವುದೆಂದು ಕೇಳಿ ತಿಳಿದುಕೊಳ್ಳಿ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಶೈಲಿ) ಆದರೆ 7ನೇ ಆವೃತ್ತಿ, ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನದು) ಆದರೆ 9ನೆಯದು. ‘ಹಾರ್ವರ್ಡ್’ ಎಂದಷ್ಟೇ ಹೇಳಿದರೆ ಮಾದರಿ ಹಾಳೆ ಕೇಳಿ ಪಡೆಯಿರಿ. ಆ ಹೆಸರಿಗೆ ಎಲ್ಲರೂ ಒಪ್ಪಿದ ಒಂದೇ ಕೈಪಿಡಿ ಇಲ್ಲ, ಸಂಸ್ಥೆಗೊಂದು ರೂಪವಿದೆ.

ಎರಡನೆಯದು ಲೇಖಕರನ್ನು ಗುರುತಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಮುಖಪುಟದಲ್ಲಿರುವುದು ಸಂಪಾದಕರ ಹೆಸರು. ನಮೂದು ಬರೆದವರು ಬೇರೆ, ಅವರ ಹೆಸರು ಸಾಮಾನ್ಯವಾಗಿ ನಮೂದಿನ ಕೊನೆಯಲ್ಲಿರುತ್ತದೆ. ಕೆಲವೊಮ್ಮೆ ಬರೀ ಇನಿಶಿಯಲ್‌ ಇರುತ್ತದೆ. 1910–11ರ ಬ್ರಿಟಾನಿಕಾ 11ನೇ ಆವೃತ್ತಿಯಲ್ಲಿ ಲೇಖನ ಮುಗಿದಲ್ಲಿ ಆವರಣದೊಳಗೆ ಎರಡು ಮೂರು ಅಕ್ಷರಗಳು ಕಾಣುತ್ತವೆ. ಅವು ಯಾರವೆಂಬ ಪಟ್ಟಿ ಆಯಾ ಸಂಪುಟದ ಆರಂಭದ ಪುಟಗಳಲ್ಲಿದೆ. ಸ್ಕ್ಯಾನ್ ಪ್ರತಿಯಲ್ಲಿ ಬೇಕಾದ ಪುಟವನ್ನಷ್ಟೇ ಇಳಿಸಿಕೊಂಡವರಿಗೆ ಆ ಪಟ್ಟಿ ಇರುವುದೇ ಗೊತ್ತಾಗುವುದಿಲ್ಲ. 15ನೇ ಆವೃತ್ತಿಯ ತೊಡಕು ಇನ್ನೊಂದು ಬಗೆಯದು. ಅದರಲ್ಲಿ ಚಿಕ್ಕ ನಮೂದುಗಳಿಗೆ ಮೈಕ್ರೊಪೀಡಿಯಾ, ದೀರ್ಘ ಲೇಖನಗಳಿಗೆ ಮ್ಯಾಕ್ರೊಪೀಡಿಯಾ ಎಂಬ ಬೇರೆ ಬೇರೆ ಸರಣಿಗಳಿವೆ. ಒಂದೇ ವಿಷಯ ಎರಡರಲ್ಲೂ ಬರಬಹುದು. ಮೈಕ್ರೊಪೀಡಿಯಾದ ನಮೂದುಗಳಿಗೆ ಬಹುಮಟ್ಟಿಗೆ ಸಹಿಯೇ ಇಲ್ಲ. ಸಹಿಯಿರುವ ನಮೂದು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಹೇಳಿದ್ದಕ್ಕೆ ಹೊಣೆ ಹೊರುವವರೊಬ್ಬರು ಇರುತ್ತಾರೆ.

ವ್ಯಕ್ತಿಯ ಹೆಸರಿಲ್ಲದಿದ್ದಾಗ ಎಪಿಎಯಲ್ಲಿ ಸಂಸ್ಥೆಯೇ ಲೇಖಕ. ಪ್ರಕಾಶಕರೂ ಅದೇ ಸಂಸ್ಥೆಯಾದರೆ ಹೆಸರನ್ನು ಮತ್ತೆ ಬರೆಯಬೇಡಿ. ಬ್ರಿಟಾನಿಕಾ ಜಾಲತಾಣದಲ್ಲಿ ಕಾಣುವ ‘ದಿ ಎಡಿಟರ್ಸ್ ಆಫ್ ಎನ್‌ಸೈಕ್ಲೊಪೀಡಿಯಾ ಬ್ರಿಟಾನಿಕಾ’ ಒಂದು ಗುಂಪಿನ ಹೆಸರು, ಅದನ್ನು ಒಡೆಯುವಂತಿಲ್ಲ. ಉಲ್ಲೇಖ ತಯಾರಿಸಿಕೊಡುವ ಉಚಿತ ಜನರೇಟರ್‌ಗಳು ಇದನ್ನೂ ಮನುಷ್ಯರ ಹೆಸರೆಂದುಕೊಂಡು ‘ಬ್ರಿಟಾನಿಕಾ, ಟಿ. ಎಡಿಟರ್ಸ್ ಆಫ್ ಎನ್‌ಸೈಕ್ಲೊಪೀಡಿಯಾ’ ಎಂದು ಕತ್ತರಿಸಿ ಕೊಡುವುದುಂಟು. ‘ದಿ’ ಎಂಬುದು ಇನಿಶಿಯಲ್ ಆಗಿಬಿಟ್ಟಿದೆ! ಆ ‘ಟಿ.’ ಕಂಡ ಪರೀಕ್ಷಕರಿಗೆ ಪಟ್ಟಿಯನ್ನು ನೀವು ಒಮ್ಮೆಯೂ ಓದಿ ನೋಡಿಲ್ಲವೆಂದು ತಿಳಿದುಹೋಗುತ್ತದೆ. ವಿಕಿಪೀಡಿಯಾದ ‘ಈ ಪುಟವನ್ನು ಉಲ್ಲೇಖಿಸಿ’ ಸೌಲಭ್ಯವೂ ಲೇಖಕರ ಜಾಗದಲ್ಲಿ ‘ವಿಕಿಪೀಡಿಯಾ ಕಾಂಟ್ರಿಬ್ಯೂಟರ್ಸ್’ ಎಂದು ತುಂಬುತ್ತದೆ. ಎಪಿಎ 7ರ ಮಾದರಿಯಲ್ಲಿ ಅದಿಲ್ಲ, ಲೇಖನದ ಶೀರ್ಷಿಕೆಯೇ ಮೊದಲು ಬರುತ್ತದೆ.

ಮೂರನೆಯದು ವರ್ಷ. ಸ್ಕ್ಯಾನ್ ಪ್ರತಿಯನ್ನು ಜಾಲಕ್ಕೆ ಏರಿಸಿದ ದಿನಾಂಕಕ್ಕೂ ಉಲ್ಲೇಖಕ್ಕೂ ಸಂಬಂಧವಿಲ್ಲ; 1911ರ ಸಂಪುಟವನ್ನು ಯಾವ ಪರದೆಯ ಮೇಲೆ ಓದಿದರೂ ಅದು 1911ರದೇ. ಆಗಾಗ ಬದಲಾಗುತ್ತ, ಹಳೆಯ ರೂಪವನ್ನು ಉಳಿಸಿಡದ ಜಾಲಕೋಶವಾದರೆ ಎಪಿಎಯಲ್ಲಿ ವರ್ಷದ ಜಾಗಕ್ಕೆ ‘ಎನ್.ಡಿ.’, ಅಂದರೆ ದಿನಾಂಕವಿಲ್ಲ, ಎಂದು ಹಾಕಿ ಲಿಂಕ್‌ಗಿಂತ ಮೊದಲು ನೀವು ನೋಡಿದ ದಿನವನ್ನು ಬರೆಯಿರಿ. ಹಳೆಯ ರೂಪ ಉಳಿದಿರುವ ಕಡೆ ಅದನ್ನೇ ಹಿಡಿಯಿರಿ. ವಿಕಿಪೀಡಿಯಾದಲ್ಲಿ ‘ಇತಿಹಾಸ’ ಒತ್ತಿ, ನೀವು ಓದಿದ ಆವೃತ್ತಿಯ ದಿನಾಂಕದ ಮೇಲೆ ಕ್ಲಿಕ್ ಮಾಡಿ. ತೆರೆದ ಪುಟದ ವಿಳಾಸದಲ್ಲಿ ‘ಓಲ್ಡ್‌ಐಡಿ’ ಎಂಬ ಪದವೂ ಅದರ ಮುಂದೊಂದು ಸಂಖ್ಯೆಯೂ ಇದ್ದರೆ ಸರಿಯಾದ ಲಿಂಕ್ ಸಿಕ್ಕಿತೆಂದು ಅರ್ಥ. ಸ್ಟ್ಯಾನ್‌ಫರ್ಡ್ ತತ್ತ್ವಶಾಸ್ತ್ರ ವಿಶ್ವಕೋಶ ವರ್ಷಕ್ಕೆ ನಾಲ್ಕು ಸಲ, ಋತುವಿಗೊಂದರಂತೆ, ಇಡೀ ಕೋಶದ ಸ್ಥಿರ ಪ್ರತಿಯನ್ನು ಕಾಪಿಡುತ್ತದೆ. ಪುಟದ ತಲೆಯಲ್ಲಿ ‘ಮೊದಲ ಪ್ರಕಟಣೆ’, ‘ಪರಿಷ್ಕರಣೆ’ ಎಂಬ ಎರಡು ದಿನಾಂಕ ಕಂಡು ಗೊಂದಲವಾದರೆ ಎರಡನ್ನೂ ಬಿಟ್ಟು ಸ್ಥಿರ ಪ್ರತಿಯ ವರ್ಷವನ್ನೇ ತೆಗೆದುಕೊಳ್ಳಿ.

ಇಷ್ಟಾದ ಮೇಲೆ ಉಳಿಯುವುದು ಜೋಡಣೆ. ಎಪಿಎಯಲ್ಲಿ ಹೀಗೆ:

ಗ್ರಹಾಂ, ಜಿ. (2019). ಬಿಹೇವಿಯರಿಸಂ. ಇನ್ ಇ. ಎನ್. ಝಾಲ್ಟ (ಎಡಿ.), ದಿ ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೊಪೀಡಿಯಾ ಆಫ್ ಫಿಲಾಸಫಿ (ಸಮ್ಮರ್ 2019 ಎಡಿ.). ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ. ಕೊನೆಗೆ ಲಿಂಕ್.

ಇಟಾಲಿಕ್ ಆಗಬೇಕಾದ್ದು ಕೋಶದ ಹೆಸರು ಮಾತ್ರ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ‘ಎಡಿ.’ ದೊಡ್ಡಕ್ಷರದಿಂದ ಶುರುವಾದರೆ ಸಂಪಾದಕ, ಎರಡನೆಯದು ಚಿಕ್ಕಕ್ಷರದಿಂದ ಶುರುವಾದರೆ ಆವೃತ್ತಿ. ಇದನ್ನು ಅದಲುಬದಲು ಮಾಡದ ಪ್ರಬಂಧ ಅಪರೂಪ. ಸಂಪಾದಕರ ಹೆಸರಿನಲ್ಲೂ ಎಚ್ಚರವಿರಲಿ: ಈಚಿನ ಆವೃತ್ತಿಗಳಲ್ಲಿ ಝಾಲ್ಟರ ಜೊತೆ ಯೂರಿ ನೋಡೆಲ್‌ಮನ್ ಹೆಸರೂ ಇದೆ, ಹಳೆಯ ಪ್ರಬಂಧದ ಸಾಲನ್ನು ನಕಲು ಮಾಡಿದರೆ ಅದು ಬಿಟ್ಟುಹೋಗುತ್ತದೆ. ಅಚ್ಚಿನ ಕೋಶವಾದರೆ ಋತುವಿನ ಜಾಗದಲ್ಲಿ, ಅದೇ ಆವರಣದೊಳಗೆ, ಆವೃತ್ತಿ, ಸಂಪುಟ, ಪುಟಗಳು ಈ ಕ್ರಮದಲ್ಲಿ ಬರುತ್ತವೆ.

ಎಂಎಲ್‌ಎಯಲ್ಲಿ ಲೇಖಕರ ಪೂರ್ಣ ಹೆಸರು, ನಮೂದಿನ ಶೀರ್ಷಿಕೆ ಉದ್ಧರಣ ಚಿಹ್ನೆಯೊಳಗೆ, ಆಮೇಲೆ ಇಟಾಲಿಕ್‌ನಲ್ಲಿ ಕೋಶ, ಸಂಪಾದಕರು, ಆವೃತ್ತಿ, ಸಂಪುಟ, ಪ್ರಕಾಶಕರು, ವರ್ಷ, ಪುಟ ಅಥವಾ ಲಿಂಕ್. ಕೋಶದ ಹೆಸರಿನಿಂದ ಮುಂದೆ ಎಲ್ಲದಕ್ಕೂ ಅಲ್ಪವಿರಾಮ. ಎಂಜಿನಿಯರಿಂಗ್ ಕ್ಷೇತ್ರದ ಐಇಇಇ ಶೈಲಿಯಲ್ಲಿ ಚೌಕಾವರಣದ ಸಂಖ್ಯೆ, ಪ್ರಬಂಧದಲ್ಲಿ ಮೊದಲು ಬಂದ ಕ್ರಮದಲ್ಲಿ.

ಶಿಕಾಗೊ ಶೈಲಿಯದು ಬೇರೆಯೇ ದಾರಿ. ಅದರ 17ನೇ ಆವೃತ್ತಿಯ ಪ್ರಕಾರ ಹೆಸರಾಂತ ವಿಶ್ವಕೋಶಗಳು ಸಾಮಾನ್ಯವಾಗಿ ಅಡಿಟಿಪ್ಪಣಿಯಲ್ಲೇ ನಿಲ್ಲುತ್ತವೆ, ಗ್ರಂಥಸೂಚಿಗೆ ಹೋಗುವುದಿಲ್ಲ. ಕೋಶದ ಹೆಸರು, ಆವೃತ್ತಿ, ಆಮೇಲೆ ‘ಎಸ್.ವಿ.’, ಅದರ ಮುಂದೆ ಉದ್ಧರಣ ಚಿಹ್ನೆಯೊಳಗೆ ನಮೂದಿನ ಪದ. ಎಸ್.ವಿ. ಎಂದರೆ ಲ್ಯಾಟಿನ್ನಿನ ‘ಸಬ್ ವರ್ಬೊ’, ಈ ಪದದ ಅಡಿಯಲ್ಲಿ ಎಂದರ್ಥ. ಕೋಶ ಅಕಾರಾದಿಯಾಗಿ ಇರುವುದರಿಂದ ಪುಟಸಂಖ್ಯೆ ಬೇಡ. ಸಹಿಯಿರುವ ದೀರ್ಘ ಲೇಖನವಾದರೆ ಮಾತ್ರ ಪುಸ್ತಕದ ಅಧ್ಯಾಯದಂತೆ ಲೇಖಕರ ಹೆಸರಿನಿಂದ ಶುರುಮಾಡಿ ಬರೆಯುವುದು ಮೇಲು.

ಜನರೇಟರ್‌ಗಿಂತ ಆಕರಗಳನ್ನು ಉಳಿಸಿಟ್ಟು ಪಟ್ಟಿ ಮಾಡಿಕೊಡುವ ಝೊಟೆರೊದಂಥ ತಂತ್ರಾಂಶ ವಾಸಿ. ಆದರೆ ನಮೂದನ್ನು ಅದು ‘ವೆಬ್ ಪೇಜ್’ ಎಂದು ಉಳಿಸಿಕೊಂಡಿದ್ದರೆ ಸಂಪಾದಕರಿಗೂ ಸಂಪುಟಕ್ಕೂ ಖಾನೆಯೇ ಇರುವುದಿಲ್ಲ. ಐಟಂ ಬಗೆಯನ್ನು ‘ಎನ್‌ಸೈಕ್ಲೊಪೀಡಿಯಾ ಆರ್ಟಿಕಲ್’ ಎಂದು ಬದಲಿಸಿ, ಖಾಲಿ ಖಾನೆಗಳನ್ನು ಕೈಯಾರೆ ತುಂಬಿ. ವಿಕಿಪೀಡಿಯಾದ ಅಡಿಟಿಪ್ಪಣಿಯಲ್ಲಿರುವ ಪುಸ್ತಕವನ್ನು ತೆರೆಯದೆಯೇ ತಮ್ಮ ಪಟ್ಟಿಗೆ ಸೇರಿಸಿಕೊಳ್ಳುವುದು ಇನ್ನೊಂದು ಅಡ್ಡದಾರಿ. ಪುಟಸಂಖ್ಯೆ ತಪ್ಪಿದ್ದರೆ ಆ ತಪ್ಪೂ ನಿಮ್ಮದಾಗುತ್ತದೆ.

ಇಂಗ್ಲಿಷ್ ಪ್ರಬಂಧದಲ್ಲಿ ಕನ್ನಡದ ನಮೂದು ಬಂದರೆ ಎಪಿಎಯಲ್ಲಿ ಲೇಖಕರ ಹೆಸರನ್ನೂ ಶೀರ್ಷಿಕೆಯನ್ನೂ ರೋಮನ್ ಲಿಪಿಗೆ ತಂದು, ಶೀರ್ಷಿಕೆಯ ಪಕ್ಕದಲ್ಲಿ ಚೌಕಾವರಣದೊಳಗೆ ಅದರ ಇಂಗ್ಲಿಷ್ ಅನುವಾದ ಕೊಡಿ.

ಕಡೆಗೆ, ಪಠ್ಯದೊಳಗಿನ ಉಲ್ಲೇಖ. ಎಪಿಎಯಲ್ಲಿ (ಗ್ರಹಾಂ, 2019), ಎಂಎಲ್‌ಎಯಲ್ಲಿ ವರ್ಷವಿಲ್ಲದೆ (ಗ್ರಹಾಂ). ಲೇಖಕರಿಲ್ಲದ ನಮೂದಿಗೆ ಶೀರ್ಷಿಕೆಯನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ. ಆವರಣದೊಳಗಿನ ಮೊದಲ ಪದವೂ ಆಕರಸೂಚಿಯ ಸಾಲಿನ ಮೊದಲ ಪದವೂ ಒಂದೇ ಆಗಿದೆಯೇ ಎಂದು ಒಂದೊಂದಾಗಿ ತಾಳೆ ನೋಡಿ. ಪಠ್ಯದಲ್ಲಿ ಸಂಪಾದಕರು, ಪಟ್ಟಿಯಲ್ಲಿ ಲೇಖಕರು ಉಳಿದುಬಿಟ್ಟಿರುವುದು ಸಿಕ್ಕಿಬೀಳುವುದು ಈ ಹಂತದಲ್ಲೇ.