ತಿಳಿಯಲ್ಲೊಂದು, ಗಸಿಯಲ್ಲೊಂದು: ಮಣ್ಣಿನ ರಸಸಾರ ಅಳೆಯುವ ಕ್ರಮ

ಒಂದೇ ಬೀಕರು, ನೀರಿನಲ್ಲಿ ಕಲಸಿಟ್ಟ ಒಂದೇ ಮಣ್ಣು. ರಸಸಾರದ (ಪಿಎಚ್; ಅಂಕ ಇಳಿದಷ್ಟೂ ಹುಳಿ ಹೆಚ್ಚು) ಮೀಟರಿನ ಎಲೆಕ್ಟ್ರೋಡನ್ನು ಮೇಲಿನ ತಿಳಿಯಲ್ಲಿ ಹಿಡಿದಾಗ 5.8 ಬಂತು, ತಳದ ಗಸಿಗೆ ಇಳಿಸಿದಾಗ 5.4 ಬಂತು ಎಂದಿಟ್ಟುಕೊಳ್ಳಿ. ಮೀಟರು ಕೆಟ್ಟಿದೆ ಎಂದು ಅಂಗಡಿಗೆ ಓಡಬೇಕಾಗಿಲ್ಲ. 1930ರ ಸುಮಾರಿಗೆ ಜ್ಯೂರಿಕ್‌ನಲ್ಲಿ ವೀಗ್ನರ್ ಮತ್ತು ಪಾಲ್ಮನ್ ಎಂಬ ವಿಜ್ಞಾನಿಗಳು ಇದೇ ವ್ಯತ್ಯಾಸವನ್ನು ಗುರುತಿಸಿದ್ದರು. ಮಣ್ಣು ವಿಜ್ಞಾನದಲ್ಲಿ ಇದಕ್ಕೆ ಪಾಲ್ಮನ್ ಪರಿಣಾಮ ಎಂಬ ಹೆಸರೂ ಇದೆ. ತೋಟಕ್ಕೆ ಸುಣ್ಣ ಹಾಕಬೇಕೋ ಬೇಡವೋ ಎಂಬ ಪ್ರಶ್ನೆ ಇಂಥ ಅರ್ಧ ಅಂಕದ ಆಚೀಚೆ ನಿಂತಿರುವಾಗ ಇದನ್ನು ತಿಳಿಯದೆ ಅಳೆಯುವುದು ಅಪಾಯ.

ಮೊದಲು ಮಾದರಿ. ಹೊಲದ ಹಲವು ಕಡೆ 15 ಸೆಂ.ಮೀ. ಆಳದ ‘ವಿ’ ಆಕಾರದ ಗುಂಡಿ ತೋಡಿ, ಅದರ ಬದಿಯಿಂದ ಮಣ್ಣು ಕೆರೆದು ಒಟ್ಟು ಮಾಡಿ. ಗೊಬ್ಬರದ ಗುಂಡಿ, ಬದು, ಮರದ ಬುಡ ಬೇಡ. ನೆರಳಿನಲ್ಲಿ ಒಣಗಿಸಿ, ಮರದ ಕೊಡತಿಯಿಂದ ಹೆಂಟೆ ಒಡೆದು, 2 ಮಿ.ಮೀ. ಜರಡಿಯಲ್ಲಿ ಸೋಸಿ. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಇನ್ನು ಮೀಟರನ್ನು ಹದ ಮಾಡಿಕೊಳ್ಳಿ. 4.0, 7.0 ಮತ್ತು 9.2ರ ಬಫರ್ (ರಸಸಾರ ನಿಗದಿಯಾದ ದ್ರಾವಣ) ಮಾಡಿಕೊಳ್ಳುವ ಮಾತ್ರೆಗಳು ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಸಾಮಾನ್ಯವಾಗಿ ಒಂದು ಮಾತ್ರೆಗೆ 100 ಮಿ.ಲೀ. ಭಟ್ಟಿ ಇಳಿಸಿದ ನೀರು. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ 7 ಮತ್ತು 4 ಸಾಕು. ಎರೆ ಭೂಮಿಗೆ, ಚೌಳು ಮಣ್ಣಿಗೆ 7 ಮತ್ತು 9.2. ಒಂದೇ ಬಫರಿನಲ್ಲಿ ಹೊಂದಿಸಿ ಮುಗಿಸುವವರಿದ್ದಾರೆ. ಅದು ಲೆಕ್ಕಕ್ಕಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಸಸಾರದ ಒಂದು ಅಂಕಕ್ಕೆ ಸುಮಾರು 59 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು. ಎಲೆಕ್ಟ್ರೋಡು ಅಷ್ಟು ಕೊಡುತ್ತಿದೆಯೇ ಎಂಬುದು ಎರಡನೆಯ ಬಫರ್ ಇಟ್ಟಾಗಲೇ ಗೊತ್ತಾಗುವುದು. ಉಷ್ಣಾಂಶವನ್ನು ಮೀಟರು ತಾನೇ ಸರಿದೂಗಿಸುತ್ತದೆ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಅದು ಸರಿದೂಗಿಸುವುದು ಎಲೆಕ್ಟ್ರೋಡಿನ ವೋಲ್ಟೇಜನ್ನು ಮಾತ್ರ. ಬಿಸಿಲಿಗೆ ಮಣ್ಣುನೀರಿನಲ್ಲೇ ಆಗುವ ಬದಲಾವಣೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಬಫರನ್ನೂ ಮಣ್ಣನ್ನೂ ಒಂದೇ ಕೋಣೆಯಲ್ಲಿ ಇಟ್ಟು ಅಳೆಯಿರಿ.

ಈಗ 20 ಗ್ರಾಂ ಮಣ್ಣಿಗೆ 50 ಮಿ.ಲೀ. ಭಟ್ಟಿ ಇಳಿಸಿದ ನೀರು ಸೇರಿಸಿ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ 1:2.5 ಅನುಪಾತ ಇದೇ. ಗಾಜಿನ ಕಡ್ಡಿಯಿಂದ ಆಗಾಗ ಕಲಕುತ್ತಾ ಅರ್ಧ ಗಂಟೆ ಬಿಡಿ. ಕೊನೆಯ ಬಾರಿ ಕಲಕಿದ ಮೇಲೆ ಗಸಿ ಇಳಿಯಲು ಬಿಟ್ಟು, ಆಮೇಲೆ ಎಲೆಕ್ಟ್ರೋಡು ಇಳಿಸಿ.

ಎಲ್ಲಿಗೆ ಇಳಿಸಬೇಕು? ಎಲೆಕ್ಟ್ರೋಡನ್ನು ಕಣ್ಣ ಹತ್ತಿರ ಹಿಡಿದು ನೋಡಿ. ತುದಿಯಲ್ಲಿ ತೆಳು ಗಾಜಿನ ಬುರುಡೆ ಇದೆ. ಅದರಿಂದ ಸ್ವಲ್ಪ ಮೇಲೆ, ಬದಿಯಲ್ಲಿ, ಸಾಸಿವೆಗಿಂತ ಚಿಕ್ಕದೊಂದು ಬಿಳಿ ಚುಕ್ಕೆ ಕಾಣುತ್ತದೆ. ಅದು ಪಿಂಗಾಣಿಯ ಸೂಕ್ಷ್ಮ ರಂಧ್ರ; ಒಳಗಿನ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಅದರ ಮೂಲಕ ನಿಧಾನವಾಗಿ ಹೊರಗೆ ಜಿನುಗಬೇಕು. ಎಲ್ಲರೂ ಬುರುಡೆಯನ್ನೇ ಕಾಯುತ್ತಾರೆ, ತಂಟೆ ಮಾಡುವುದು ಈ ಚುಕ್ಕೆ. ತಿಳಿನೀರಿನಲ್ಲಿ ಪೊಟ್ಯಾಸಿಯಂ ಮತ್ತು ಕ್ಲೋರೈಡ್ ಅಯಾನುಗಳು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗುವುದರಿಂದ ಅಲ್ಲಿ ವೋಲ್ಟೇಜ್ ಹುಟ್ಟುವುದು ನಗಣ್ಯ. ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶವಿದೆ. ಗಸಿಯೊಳಗೆ ಹೊಕ್ಕರೆ ಪೊಟ್ಯಾಸಿಯಂಗೆ ದಾರಿ ಸಲೀಸು, ಕ್ಲೋರೈಡಿಗೆ ತಡೆ. ಸಮತೋಲ ತಪ್ಪಿ ಒಂದಿಷ್ಟು ಮಿಲಿವೋಲ್ಟ್ ಸುಮ್ಮನೆ ಸೇರಿಕೊಳ್ಳುತ್ತದೆ. ಆರು ಮಿಲಿವೋಲ್ಟ್ ಸೇರಿದರೆ ರಸಸಾರ 0.1 ತಪ್ಪಿತು ಎಂದೇ ಅರ್ಥ.

ಜೇಡಿಯ ಕಣಗಳ ಸುತ್ತ ಹುಳಿ ಹೆಚ್ಚಿರುವುದರಿಂದಲೇ ಗಸಿಯಲ್ಲಿ ಅಂಕ ಇಳಿಯುತ್ತದೆ ಎಂಬುದು ಹಳೆಯ ವಾದ. 1950ರಲ್ಲಿ ಮಣ್ಣು ವಿಜ್ಞಾನಿ ಹನ್ಸ್ ಜೆನ್ನಿ ಮತ್ತು ಸಂಗಡಿಗರು ಈ ರಂಧ್ರದ ವೋಲ್ಟೇಜಿನ ಕಡೆಗೇ ಬೊಟ್ಟು ಮಾಡಿದರು. ಗಾಜಿನ ಬುರುಡೆಯದೊಂದು, ರಂಧ್ರವಿರುವ ಹೋಲಿಕೆಯದೊಂದು ಎಂದು ಪ್ರತ್ಯೇಕ ಎಲೆಕ್ಟ್ರೋಡುಗಳಿದ್ದರೆ ನೀವೇ ನೋಡಬಹುದು: ನೆಲೆಗೊಂಡ ಬೀಕರಿನಲ್ಲಿ ಗಾಜಿನ ಬುರುಡೆಯನ್ನು ತಿಳಿಯಿಂದ ಗಸಿಗೆ ಸರಿಸಿದರೆ ಅಂಕ ಅಲುಗಾಡುವುದಿಲ್ಲ ಎನ್ನಬಹುದು, ಹೋಲಿಕೆಯ ಎಲೆಕ್ಟ್ರೋಡನ್ನು ಸರಿಸಿದರೆ ಜಿಗಿಯುತ್ತದೆ. ಆದ್ದರಿಂದ ಬುರುಡೆ ಗಸಿಗೆ ತಾಗಿದರೂ ಚಿಂತೆಯಿಲ್ಲ, ಬಿಳಿ ಚುಕ್ಕೆ ಮಾತ್ರ ತಿಳಿಯಲ್ಲೇ ಇರಲಿ. ಅಳೆಯುವಾಗ ಕಲಕಬೇಡಿ. ಅಂಕ ನಿಲ್ಲಲು ಒಂದೆರಡು ನಿಮಿಷ ಹಿಡಿದೀತು. ಮೊದಲು ಕಂಡ ಅಂಕವನ್ನು ಬರೆದುಕೊಳ್ಳುವ ಅವಸರ ಬೇಡ.

ತಿಳಿಯೇ ಆಗದ ಮಣ್ಣೂ ಉಂಟು. ಸೋಡಿಯಂ ತುಂಬಿದ ಚೌಳು ಮಣ್ಣಿನಲ್ಲಿ ಕಣಗಳು ಗಂಟೆಗಟ್ಟಲೆ ತೇಲಿಕೊಂಡೇ ಇರುತ್ತವೆ, ಬೀಕರಿನಲ್ಲಿ ಬರೀ ಬಗ್ಗಡ. ಆಗ ನೀರಿನ ಬದಲು 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇನ್ನೊಂದು ಬೀಕರ್ ಸಿದ್ಧಪಡಿಸಿ. ಒಂದು ಲೀಟರಿಗೆ ಡೈಹೈಡ್ರೇಟ್ ರೂಪದ ಲವಣ 1.47 ಗ್ರಾಂ ಸಾಕು. ಕ್ಯಾಲ್ಸಿಯಂ ಕಣಗಳನ್ನು ಹೆಪ್ಪುಗಟ್ಟಿಸಿ ತಳಕ್ಕೆ ಇಳಿಸುತ್ತದೆ, ರಂಧ್ರದ ತಂಟೆಯೂ ತಗ್ಗುತ್ತದೆ. ಗೊಬ್ಬರ ಹಾಕಿದ ಮೇಲೆ, ಮಳೆ ಬಂದ ಮೇಲೆ ಲವಣ ಏರಿಳಿದು ಅಂಕ ಅಲ್ಲಾಡುವುದೂ ಕಡಿಮೆಯಾಗುತ್ತದೆ. ನನ್ನನ್ನು ಕೇಳಿದರೆ ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವವರಿಗೆ ಇದೇ ಮೇಲು. ಒಂದು ತೊಡಕಿದೆ: ಹುಳಿ ಮಣ್ಣಿನಲ್ಲಿ ಈ ಅಂಕ ನೀರಿನಲ್ಲಿ ಅಳೆದದ್ದಕ್ಕಿಂತ ಸಾಮಾನ್ಯವಾಗಿ ಅರ್ಧದಿಂದ ಒಂದರಷ್ಟು ಕಡಿಮೆ ಬರುತ್ತದೆ. ನೀರಿನ ಅಳತೆಗೆಂದು ಮಾಡಿದ ಕೋಷ್ಟಕದ ಪಕ್ಕ ಇದನ್ನಿಟ್ಟು ಓದಿದರೆ ಇಲ್ಲದ ಹುಳಿಗೆ ಸುಣ್ಣ ಸುರಿದಂತಾಗುತ್ತದೆ. ‘5.6’ ಎಂದಷ್ಟೇ ಬರೆದಿಡಬೇಡಿ, ‘5.6, ನೀರು, 1:2.5, ತಿಳಿಯಲ್ಲಿ’ ಎಂದು ಪೂರ್ತಿ ಬರೆಯಿರಿ.

ಸುಣ್ಣಕಲ್ಲಿನ ಅಂಶವಿರುವ ಎರೆ ಮಣ್ಣಿನಲ್ಲಿ ಇಂಗಾಲದ ಡೈಆಕ್ಸೈಡ್ ಹಾರಿಹೋದಂತೆ ಅಂಕ ಮೇಲೇರುತ್ತದೆ. ಅಂಥ ಮಾದರಿಗಳನ್ನು ಕಲಸಿಟ್ಟು ಊಟಕ್ಕೆ ಎದ್ದು ಹೋಗಬೇಡಿ. ಎಲ್ಲಕ್ಕೂ ಅದೇ ಅರ್ಧ ಗಂಟೆ.

ಪ್ರತಿ ಮಾದರಿಯ ನಂತರ ಎಲೆಕ್ಟ್ರೋಡಿಗೆ ಭಟ್ಟಿ ಇಳಿಸಿದ ನೀರು ಚಿಮುಕಿಸಿ ತೊಳೆದು, ಮೆತ್ತನೆಯ ಕಾಗದಕ್ಕೆ ತಾಗಿಸಿ ನೀರು ಹೀರಿಸಿ, ಬಟ್ಟೆಯಿಂದ ಉಜ್ಜಬೇಡಿ. ಹತ್ತಾರು ಮಾದರಿಗಳ ನಡುವೆ ಒಮ್ಮೆ 7ರ ಬಫರಿನಲ್ಲಿ ಅದ್ದಿ ನೋಡಿ. ಅಂಕ ಸರಿದಿದ್ದರೆ ಬಿಳಿ ಚುಕ್ಕೆಗೆ ಜೇಡಿ ಮೆತ್ತಿಕೊಂಡಿದೆಯೇ ಎಂದು ಮೊದಲು ಪರೀಕ್ಷಿಸಿ. ಉಗುರುಬೆಚ್ಚಗಿನ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಎಲೆಕ್ಟ್ರೋಡನ್ನು ಇಡಬೇಕಾದದ್ದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ. ಭಟ್ಟಿ ಇಳಿಸಿದ ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಲವಣ ಸೋರಿಹೋಗುತ್ತದೆ.